ಸಿರುಗುಪ್ಪದಾಗ ಒಂದು ದೂರು ಬೇಕಾಗೈತಿ

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಮೂರೂ ಊರಿನ ಸಮಸ್ತ ಮಹಾಜನರಿಗೆ ಈ ಮೂಲಕ ತಿಳಿಯಪಡಿಸುವುದೇನಂದ್ರ, ಬಳ್ಳಾರಿ ಸತ್ಯನಾರಾಯಣಪೇಟಿಯ ಹಗರಿ ಟ್ರಸ್ಟ್ ಆಸ್ಪತ್ರಿಯ ನರ್ಸ್‌ಗಳ ಕೋಣಿಗಿ ಒಂದು ಕನ್ನಡಿ ಬಂದೈತಿ. ಎರಡು ಅಡಿ ಉದ್ದ, ಒಂದೂವರಿ ಅಡಿ ಅಗಲ. ನೆತ್ತಿ ಮ್ಯಾಲ ಕೆಂಪು ಅಕ್ಷರದಾಗ ‘ನಗುನಗುತ್ತಾ ಸೇವೆ ಮಾಡಿ’ ಅಂತ ಬರದೈತಿ. ಆಡಳಿತಾಧಿಕಾರಿ ಮರಿಬಸಪ್ಪನವರು ಟೇಪು ಕತ್ತರಿಸಿ, ಕಾಯಿ ಒಡದು, ಮೊದಲನೇ ಮುಖ ತಾವ ನೋಡಿಕೊಂಡು, ಕನ್ನಡಿಯನ್ನ ಲೋಕಾರ್ಪಣ ಮಾಡಿದ್ರು. ಫೋಟೋನೂ ತಗದ್ರು. ಫೋಟೋದಾಗ ಫ್ಲ್ಯಾಶ್ ಬಿಟ್ರ ಬ್ಯಾರೆ ಏನೂ ಬೀಳಲಿಲ್ಲ.

ಕನ್ನಡಿ ಬಂದಿದ್ದು ಮನೋಬಲ ಹೆಚ್ಚಿಸಾಕ. ಆ ವರ್ಷ ಬಳ್ಳಾರಿ ಶಾಖಾದಾಗ ಹನ್ನೊಂದು ಮಂದಿ ನರ್ಸ್ ಕೆಲಸ ಬಿಟ್ಟು ಹೋಗಿದ್ರು. ಆಡಳಿತದ ಜೊತಿಗಿ ರಾಜಿ ಆಗದವರೆಲ್ಲಾ ರಾಜೀನಾಮಿ ಆದ್ರು. ಉಳಿದವರು ಎಂಟು ತಾಸಿನ ಡ್ಯೂಟಿನ ಹನ್ನೆರಡು ತಾಸು ಎಳದು ಎಳದು, ಮನೋಬಲ ಹೋಗಿ ಮನೋಬಳಲಿಕಿ ಆಗಿತ್ತು. ಹೇಮಾ ಅನ್ನೋ ಸಿಸ್ಟರ್ ಒಂದಿನ ಹಾಸಿಗಿ ಮ್ಯಾಲಿನ ರೋಗಿನ ಬಿಟ್ಟು, ಪಕ್ಕದ ಸ್ಟೂಲಿನಾಗ ಕುಂತಿದ್ದ ರೋಗಿ ಅಳಿಯನ ಬಿ.ಪಿ. ನೋಡಿ ಬರಕಂಡು ಹೋದ್ಲು. ಅಳಿಯಗ ಬಿ.ಪಿ. ಜಾಸ್ತೀನ ಇತ್ತು. ಮಾವ ವಾಸಿ ಆಗಾಕತ್ತಿದ್ದ.

ಕನ್ನಡಿ ಬಂದ ವಾರ ಸಿಸ್ಟರ್‌ಗಳು ಒಬ್ಬೊಬ್ಬರಾಗಿ ಇಣುಕಿ ನೋಡಿದ್ರು. ಕಣ್ಣಿನ ಕೆಳಗ ಕಪ್ಪು, ಕೆನ್ನಿ ಒಳಗ.

“ಯವ್ವಾ, ನಾವು ಇಷ್ಟು ಸೊರಗೀವೇನ?” ಅಂತ ಇನ್ನಿಬ್ಬರು ರಾಜೀನಾಮಿ ಬರದ್ರು. ಕನ್ನಡಿಗಿ ಸುಳ್ಳು ಹೇಳಾಕ ಬರಲ್ಲ. ಅದಕ್ಕ ಅದನ್ನ ಗ್ವಾಡಿಗಿ ನೇತು ಹಾಕತಾರ, ಕುರ್ಚಿ ಮ್ಯಾಲ ಕೂಡಸಲ್ಲ.

ಮರಿಬಸಪ್ಪನವರು ಕೆಟ್ಟವರಲ್ರಿ. ಕುಡತಿನಿ ಕಡೆ ಮೂವತ್ತು ವರ್ಷ ಕರೆಂಟಿನ ಕೆಲಸ ಮಾಡಿ ರಿಟೈರ್ ಆದವರು. ಲೋಕದಾಗ ಏನ ಕಡಿಮಿ ಬಿದ್ರೂ, ಜಾಸ್ತಿ ಇದ್ದ ಕಡಿಯಿಂದ ಲೈನ್ ಎಳದ್ರ ಆತು ಅನ್ನೋದು ಅವರ ನಂಬಿಕಿ. ಹಿಂಗಾಗಿ ಮೂರೂ ಶಾಖಾದ ಹಾಜರಿ ಪುಸ್ತಕ ತರಿಸಿ, ಕನ್ನಡಕ ಏರಿಸಿ, ಎಚ್.ಆರ್. ಹುಡುಗ ಸುಭಾಷ್‌ನ ಕರದ್ರು.

“ಇಲ್ಲಿ ನೋಡಪಾ ಸುಭಾಷ್. ಸಿರುಗುಪ್ಪ ಶಾಖಾ. ಎಂಟು ಮಂದಿ ನರ್ಸ್. ಆರು ವರ್ಷದಾಗ ಬಿಟ್ಟು ಹೋದವರು ಎಷ್ಟು?”

“ಯಾರೂ ಇಲ್ರಿ ಸಾರ್.”

“ಹಂಗಂದ್ರ ಅಲ್ಲಿ ಮನೋಬಲ ಉತ್ಪಾದನ ಆಗಾಕತ್ತೈತಿ. ಇಲ್ಲಿ ನಮ್ಮದು ಲೋಡ್ ಶೆಡ್ಡಿಂಗ್. ಏನು ಹಾಕಿ ಉರಸ್ತಾರ, ಹೆಂಗ ತಯಾರು ಮಾಡ್ತಾರ, ಹೋಗಿ ಪತ್ತಿ ಹಚ್ಚಿಕೊಂಡು ಬಾ. ಆಮ್ಯಾಲ ಲೈನ್ ಎಳಿಯೋದು ನನಗ ಬಿಡು.”

ಸುಭಾಷ್ ಇಪ್ಪತ್ತಾರು ವರ್ಷದವ. ಯಾವ ಫಾರಮ್ಮಿನಾಗೂ ಒಂದು ಖಾನಿ ಖಾಲಿ ಬಿಡದ ಹುಡುಗ. ತಾರೀಖು ಅಂದ್ರ ತಾರೀಖು, ಟೈಮ್ ಅಂದ್ರ ಟೈಮ್. ಮರುದಿನ ಎಂಟು ಗಂಟಿಗಿ ಸಿರುಗುಪ್ಪ ಆಸ್ಪತ್ರ್ಯಾಗ ಹಾಜರ್.

ಅಲ್ಲಿ ಸ್ಟೋರ್ ರೂಮಿನಾಗ ಏನು ನೋಡ್ತಾನ? ರಾತ್ರಿ ಪಾಳಿ ಮುಗಿಸಿದವರು, ಬೆಳಗಿನ ಪಾಳಿಗಿ ಬಂದವರು ಸುತ್ತ ಕುಂತು, ನಡುವ ಪೇಪರ್ ಹಾಸಿ, ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜಿ ತಿನ್ನಾಕತ್ತಾರ. ಹೆಡ್ ಸಿಸ್ಟರ್ ಗಾದೆಮ್ಮ, ಐವತ್ತೆರಡು ವರ್ಷದ ದಪ್ಪ ಕನ್ನಡಕದ ಹೆಣ್ಣಮಗಳು, ಮಿರ್ಚಿ ತೊಟ್ಟು ಹಿಡಕಂಡು ಏನೋ ಹೇಳಾಕತ್ತಾರ, ಎಲ್ಲರೂ ಬಿದ್ದು ಬಿದ್ದು ನಗಾಕತ್ತಾರ.

“ಬರ್ರಿ ಸಾರ್, ಕೂಡ್ರಿ. ಬಳ್ಳಾರಿಯವರು ಅಂತ ಎರಡು ಮಿರ್ಚಿ ಹೆಚ್ಚಿಗಿ ಕೊಡ್ತೀವಿ.”

ಸುಭಾಷ್ ಎರಡು ತಿಂದ. ಮ್ಯಾಲ ಒಂದು ತಿಂದ. ಅವತ್ತ ವರದಿ ಕಳಿಸಿದ: ‘ಮನೋಬಲದ ಮೂಲ ಮಿರ್ಚಿ ಇರಬಹುದು.’

ಮರಿಬಸಪ್ಪನವರು ತಡಾ ಮಾಡಲಿಲ್ಲ. ಪ್ರಯೋಗಕ್ಕ ಕುರುಗೋಡು ಶಾಖಾ ಆರಿಸಿದ್ರು. ಅಲ್ಲಿ ನಾಲ್ಕ ಮಂದಿ ನರ್ಸ್. ಎಂಟರಿಂದ ಎಂಟೂಕಾಲಿನ ತನಕ ಪ್ರತಿಯೊಬ್ಬರೂ ಕಡ್ಡಾಯವಾಗಿ ಎರಡು ಮಿರ್ಚಿ ತಿನ್ನತಕ್ಕದ್ದು, ತದನಂತರ ನಗತಕ್ಕದ್ದು, ರಿಜಿಸ್ಟರಿನಾಗ ಸಹಿ ಮಾಡತಕ್ಕದ್ದು ಅಂತ ಆರ್ಡರ್ ಹೋತು. ನಾಲ್ಕನೇ ದಿನಕ್ಕ ಕುರುಗೋಡಿನಾಗ ಮನೋಬಲ ಏರಲಿಲ್ಲ, ಹೊಟ್ಟ್ಯಾಗ ಉರಿ ಏರಿತು. ‘ನಕ್ಕಿರಾ?’ ಅನ್ನೋ ಖಾನ್ಯಾಗ ಒಬ್ಬ ಸಿಸ್ಟರ್ ‘ಪ್ರಯತ್ನಿಸಲಾಯಿತು’ ಅಂತ ಬರದಿದ್ಲು. ಇನ್ನೊಬ್ಬಾಕಿ ‘ನಾಳೆ ನಗುತ್ತೇನೆ’ ಅಂತ ಬರದು ಎರಡು ದಿನ ರಜಾ ಹಾಕಿದ್ಲು.

“ಸುಭಾಷ್, ಮಿರ್ಚಿ ಅಲ್ಲಪಾ,” ಅಂತ ಫೋನಿನಾಗ ಮರಿಬಸಪ್ಪನವರು ಅಂದ್ರು. “ಇನ್ನೂ ಆಳಕ್ಕ ಇಳಿ.”

ಸುಭಾಷ್ ಇಳದ. ಮರುದಿನ ಪೇಪರ್ ಮುಂದ ಕುಂತು, ಈ ಸಲ ಬಾಯಿ ಬಿಟ್ಟು ಕಿವಿ ಕೊಟ್ಟ. ಅವರು ನಗಾಡೋದರ ನಡುವ ಒಂದು ಕೆಲಸ ಸುಮ್ನ ನಡದಿತ್ತು.

“ಮೂರನೇ ಬೆಡ್ಡಿನ ಗಾಳೆಪ್ಪಜ್ಜ ಐತಲ್ಲ, ಅದು ಗುಳಿಗಿ ನುಂಗಾಕತ್ತಿಲ್ಲ,” ಅಂತ ರಾತ್ರಿ ಪಾಳಿಯಾಕಿ ಹೇಳಿದ್ಲು. “ಬಾಯಾಗ ಹಾಕ್ಕೊಂತದ, ನೀರು ಕುಡೀತದ, ನಾನು ತಿರುಗಿದ ಕೂಡ್ಲೆ ಎಲ್ಲೋ ಮಾಯ ಮಾಡ್ತದ.”

“ನೀ ಮನಿಗಿ ಹೋಗಿ ಮಕ್ಕೋ. ನಾ ನೋಡಿಕೊಂತೀನಿ,” ಅಂದ್ಲು ಮಾರೆಮ್ಮ. ಈಕಿ ಎಂಟು ಮಂದಿಯೊಳಗ ಸಣ್ಣಾಕಿ, ಹಚ್ಚೊಳ್ಳಿಯಾಕಿ. ಮನ್ಯಾಗ ಐದು ತಿಂಗಳ ಕೂಸು.

ಗಾಳೆಪ್ಪಜ್ಜನೂ ಹಚ್ಚೊಳ್ಳಿಯವನ. ಸಕ್ಕರಿ ಕಾಯಿಲಿ, ಕಾಲಿನಾಗ ಗಾಯ. ಮಾರೆಮ್ಮ ಹೋಗಿ ಅವನ ಹಾಸಿಗಿ ಅಂಚಿಗಿ ಕುಂತ್ಲು.

“ಅಜ್ಜಾ, ಬಾಯಿ ಸಪ್ಪಗೈತಿ. ಒಂದು ಎಲಿ ಅಡಿಕಿ ಕೊಡು.”

“ಏ ಹುಚ್ಚಿ, ಕೂಸಿನ ತಾಯಿ ನೀನು, ಎಲಿ ಅಡಿಕಿ ಹಾಕ್ತಿಯೇನ?”

“ಕೊಡು ಅಂದ್ರ ಕೊಡು,” ಅಂತ ಚಂಚಿ ಕಸಗೊಂಡು ಬಿಚ್ಚಿದ್ಲು. ಎಲಿ ನಡುವ ಏಳು ಗುಳಿಗಿ ಒಣ ಅಡಿಕಿ ಹಂಗ ಕುಂತಿದ್ವು.

ಅಜ್ಜ ತಲಿ ಕೆರಕೊಂಡ. “ಅವು ಮನಿಗಿ ಒಯ್ಯಾಕ ಮಗಳ. ಇಲ್ಲೇ ಎಲ್ಲಾ ನುಂಗಿ ವಾಸಿ ಆದ್ರ ನೀವು ಕಳಿಸಿಬಿಡ್ತೀರಿ. ಮನ್ಯಾಗ ಸೊಸಿ ಟಿವಿ ರಿಮೋಟ್ ಕೊಡಲ್ಲ. ಇಲ್ಲಿ ಫ್ಯಾನ್ ಐತಿ, ಟಿವಿ ಐತಿ, ದಿನಕ್ಕ ನಾಲ್ಕು ಸಲ ‘ಹೆಂಗದೀ ಅಜ್ಜಾ’ ಅನ್ನೋರು ಅದಾರ. ಮನ್ಯಾಗ ಹೆಂಗದೀ ಅಂತ ಕೇಳೋದು ನಾಯಿ ಒಂದ.”

ಮಾರೆಮ್ಮ ಬಾಯಾಗ ಗುಳಿಗಿ ಹಾಕಿಸಿ, ನೀರು ಕುಡಿಸಿ, ನಾಲಿಗಿ ಎತ್ತಿಸಿ ನೋಡಿದ್ಲು. ಸುಭಾಷ್ ಬಾಗಲದಾಗ ನಿಂತು ನೋಡಾಕತ್ತಿದ್ದ. ಬಳ್ಳಾರ್ಯಾಗ ಆಗಿದ್ರ ಹೇಮಾ ಆ ಹೊತ್ತಿಗಿ ನಿಂತಲ್ಲೆ ನಿದ್ದಿ ಮಾಡತಿದ್ಲು, ಅಜ್ಜನ ಚಂಚಿ ಹೋಗಿ ಮೆಡಿಕಲ್ ಶಾಪ್ ಆಗ್ತಿತ್ತು.

“ನಿಮಗ ಇಷ್ಟು ಲಕ್ಷ್ಯ ಎಲ್ಲಿಂದ ಬರ್ತೈತಿ?” ಅಂತ ಕೇಳಿದ.

“ನಿದ್ದಿ ಆಗೈತ್ರಿ ಸಾರ್.”

“ಅಷ್ಟ?”

“ಅಷ್ಟ. ನಿದ್ದಿ ಆದವರಿಗಿ ಕಣ್ಣು ಕಾಣ್ತಾವ್ರಿ. ನಿದ್ದಿ ಎಲ್ಲಿಂದ ಬಂತು ಅಂತ ಕೇಳಿದ್ರ, ಬರ್ರಿ ತೋರಸ್ತೀನಿ.”

ಸ್ಟೋರ್ ರೂಮಿನ ಗ್ವಾಡಿ ಮ್ಯಾಲ ಅಕ್ಕಿ ಮಿಲ್ಲಿನವರು ಹಂಚಿದ್ದ ಒಂದು ಕ್ಯಾಲೆಂಡರ್. ಅದಕ್ಕ ಸಲೈನ್ ನಳಿಗಿ ಕಟ್ಟಿ ಒಂದು ಪೆನ್ಸಿಲ್ ಇಳಿಬಿಟ್ಟಿದ್ರು. ಮುಂದಿನ ತಿಂಗಳ ಹಾಳ್ಯಾಗ ಒಂದೊಂದು ತಾರೀಖಿನ ಖಾನ್ಯಾಗೂ ಸಣ್ಣ ಸಣ್ಣ ಅಕ್ಷರ. ‘ಅತ್ತಿ ಊರಿಂದ ಬರ್ತಾಳ, ಮನಿ ಹೊರಗ ಇರೋ ಡ್ಯೂಟಿ ಕೊಡ್ರಿ.’ ‘ಮಗಳ ಪರೀಕ್ಷಾ.’ ‘ನಮ್ಮ ಗದ್ದಿಗಿ ಕಾಲುವಿ ನೀರು.’ ‘ಗಂಡ ಉಪವಾಸ, ಅಡಿಗಿ ಇಲ್ಲ, ಏನ ಕೊಟ್ರೂ ನಡೀತೈತಿ.’

ಸುಭಾಷ್ ಗಾದೆಮ್ಮ ಸಿಸ್ಟರ್ ಕಡೆ ಓಡಿದ.

“ಸಿಸ್ಟರ್, ನಿಮ್ಮ ಡ್ಯೂಟಿ ಪಟ್ಟಿ ಕಂಪ್ಯೂಟರ್ ಮಾಡಲ್ಲೇನ್ರಿ?”

“ಕಂಪ್ಯೂಟರಿಗಿ ಅತ್ತಿ ಅದಾಳೇನ್ರಿ?” ಅಂದ್ರು ಗಾದೆಮ್ಮ. “ನಮ್ಮಪ್ಪ ಕಾಲುವಿಗಿ ನೀರು ಬಿಡೋ ನೀರಗಂಟಿ ಇದ್ದ. ಎಲ್ಲರಿಗೂ ಸಮ ಅಂತ ಅಳದು ಬಿಡತಿದ್ದಿಲ್ಲ. ಒಬ್ಬೊಬ್ಬರ ಗದ್ದಿ ಬದುವಿಗಿ ಹೋಗಿ, ಯಾರ ಪೈರು ಹೊಡಿ ಬಿಚ್ಚಿ ತೆನಿ ಕಟ್ಟಾಕತ್ತೈತಿ ಅಂತ ಕೇಳಿ, ಒಣಗೋ ಗದ್ದಿಗಿ ಮೊದಲು ಬಿಡತಿದ್ದ. ಇವತ್ತು ಬಿಟ್ಟುಕೊಟ್ಟವಗ ನಾಳಿಗಿ ಮೊದಲ ನೀರು. ಡ್ಯೂಟಿನೂ ಪಾಳಿ, ನೀರೂ ಪಾಳಿ. ನಾನು ಬರಿಯೋಕಿಂತ ಮೊದಲು ಕೇಳ್ತೀನಿ, ಅಷ್ಟ.”

“ಮತ್ತ ಯಾರೂ ಜಗಳ ಆಡಲ್ಲ?”

“ಆಡ್ತಾರ. ಪೆನ್ಸಿಲ್ಲಿನಾಗ ಆಡ್ತಾರ. ರಬ್ಬರಿನಾಗ ಮುಗೀತೈತಿ. ಪಾಳಿಗಿ ಬಂದದ್ದು ಪಂಚಾಮೃತ ಸಾರ್, ಆದ್ರ ಪಂಚಾಮೃತ ಕುಡಸೋ ಮುಂದ ಹಸುವಾಗೈತೇನು ಅಂತ ಕೇಳಬೇಕು.” ಹೆಸರು ಗಾದೆಮ್ಮ, ಹಿಂಗಾಗಿ ಗಾದಿ ಮಾತು ಅವರ ಕೈಯಾಗ ಸುಮ್ನ ಇರತಿದ್ದಿಲ್ಲ. “ಹಾಸಿಗಿ ಇದ್ದಷ್ಟು ಕಾಲು ಚಾಚು ಅಂತಾರ. ನಾ ಏನಂತೀನಿ ಅಂದ್ರ, ಸಿಸ್ಟರ್ ಇದ್ದಷ್ಟು ಹಾಸಿಗಿ ಹಾಕು.”

ಮಾರೆಮ್ಮನ ಕಥಿನೂ ಹೇಳಿದ್ರು. ಕೂಸು ಎದಿ ಹಾಲು ಕುಡಿಯೋ ತನಕ ಆಕಿಗಿ ಬೆಳಗಿನ ಪಾಳಿ ಅಷ್ಟ. ಎರಡಕ್ಕ ಬಿಟ್ರ ಎರಡೂವರಿ ಬಸ್ಸಿಗಿ ಊರು. ಆಕಿ ರಾತ್ರಿ ಪಾಳಿನೆಲ್ಲಾ ಉಳಿದವರು ಹಂಚಿಕೊಂಡಾರ. ಕೂಸು ಅನ್ನ ಉಣ್ಣಾಕ ಹತ್ತಿದ ಮ್ಯಾಲ ಆಕಿ ಅವರದು ಮಾಡಿಕೊಡ್ತಾಳ. ಕಂಪ್ಯೂಟರ್ ಪಟ್ಟಿ ಬಂದ್ರ ವಾರಕ್ಕ ಎರಡು ರಾತ್ರಿ ಬರೋದು ಖರೇ, ಆಕಿ ಕೆಲಸ ಬಿಡೋದೂ ಖರೇ.

ಸುಭಾಷ್ ಎಲ್ಲಾ ಬರದ. ಫೋಟೋ ಹಚ್ಚಿ ಹನ್ನೆರಡು ಪುಟದ ವರದಿ ಕಳಿಸಿದ. ಕಡೀಗಿ ಒಂದು ಸಾಲು: ‘ಬರೆಯುವ ಮುಂಚೆ ಕೇಳಿದರೆ ಸಾಕು.’

ಮರಿಬಸಪ್ಪನವರು ಹನ್ನೆರಡೂ ಪುಟ ಓದಿದ್ರು. ಕಡೀ ಸಾಲು ಬಿಟ್ಟು ಎಲ್ಲಾ ತಿಳಿತು.

“ಟ್ರಾನ್ಸ್‌ಫಾರ್ಮರ್ ಸಿಕ್ತಪಾ!” ಅಂತ ಮೇಜು ಬಡದ್ರು. “ಗಾದೆಮ್ಮ ಸಿಸ್ಟರನ್ನ ಬಳ್ಳಾರಿಗಿ ತರೋಣು. ಮನೋಬಲಾಧಿಕಾರಿ ಅಂತ ಹುದ್ದಿ. ಮೂರೂ ಶಾಖಾದ ಪಟ್ಟಿ ಅವರ ಕೈಯಾಗ. ಎ.ಸಿ. ರೂಮು, ಬಾಗಲಿಗಿ ಬೋರ್ಡು.”

“ಸಾರ್, ಸಿರುಗುಪ್ಪದ ಪಟ್ಟಿ ಅಲ್ಲಿದ್ದವರನ್ನ ಕೇಳಿ ಬರಿಯೋದು. ಬಳ್ಳಾರ್ಯಾಗ ಕುಂತ ಹೆಂಗ ಕೇಳ್ತಾರ್ರಿ?”

“ಸಿರುಗುಪ್ಪಕ್ಕ ಕಂಪ್ಯೂಟರ್ ಹಾಕೋಣು. ಅಲ್ಲಿ ಹೆಂಗೂ ಮನೋಬಲ ಐತಲ್ಲ!”

ಸುದ್ದಿ ಸಿರುಗುಪ್ಪ ಮುಟ್ಟಿದ ದಿನ ಮಾರೆಮ್ಮ ಎರಡು ಸಲ ಒಂದ ಹಾಸಿಗಿಗಿ ಚಾದರ್ ಹಾಸಿದ್ಲು. ಗಾದೆಮ್ಮ ನೋಡಿ, ಒಂದು ಚಾದರ್ ತಗದು, ಮಡಚಿ ಆಕಿ ಕೈಯಾಗಿಟ್ರು.

“ಅಕ್ಕಾ, ನೀವು ಹೋದ್ರ ನಾನೂ ಹೋಗಬೇಕಾಗ್ತೈತಿ. ಕೂಸು ಬಿಟ್ಟು ರಾತ್ರಿ ಬರಾಕ ಆಗಲ್ಲ.”

“ಗೊತ್ತೈತವ್ವಾ. ಅದಕ್ಕ ನಾನು ಹೋಗಲ್ಲ.”

“ಬರ್ರಿ ಅಂತ ಆರ್ಡರ್ ಬಂದ್ರ?”

“ಬಂದ್ರ ಹೋಗಬೇಕು,” ಅಂದ್ರು ಗಾದೆಮ್ಮ. ಎರಡೂ ಮಾತು ಖರೇ ಇದ್ವು, ಅದ ತ್ರಾಸು.

ಬಳ್ಳಾರ್ಯಾಗ ಆರ್ಡರ್ ಟೈಪ್ ಮಾಡೋ ಕೆಲಸ ಆಫೀಸ್ ಸೂಪರಿಂಟೆಂಡೆಂಟ್ ಪಂಪಾವತಿ ಅವರದ್ದು. ಟ್ರಸ್ಟಿನಾಗ ಇಪ್ಪತ್ತೆಂಟು ವರ್ಷ. ನಿಯಮಾವಳಿ ಪುಸ್ತಕ ಅವರಿಗಿ ಬಾಯಿಪಾಠ, ಮಂದಿ ಹನುಮಾನ ಚಾಲೀಸಾ ಹೇಳಿದಂಗ ಹೇಳತಿದ್ರು. ಮರಿಬಸಪ್ಪನವರ ಕಾಗದ ನೋಡಿ ಕೀ ಬೋರ್ಡ್ ಮ್ಯಾಲಿನ ಕೈ ತಗದ್ರು.

“ಹದಿನೇಳನೇ ನಿಯಮ ಅಡ್ಡ ಬರ್ತೈತ್ರಿ ಸಾರ್. ಸ್ಥಾಪಕ ಡಾಕ್ಟರು ತಾವ ಬರದದ್ದು. ‘ಯಾವುದೇ ನರ್ಸನ್ನು ಆಕೆಯ ಲಿಖಿತ ಕೋರಿಕೆ ಅಥವಾ ಒಳರೋಗಿಯೊಬ್ಬರ ಲಿಖಿತ ದೂರು ಇಲ್ಲದೆ ವರ್ಗಾಯಿಸತಕ್ಕದ್ದಲ್ಲ.’”

“ಇದು ಬಡ್ತಿ ಅಲ್ಲೇನಮ್ಮಾ?”

“ಊರು ಬದಲಾದ್ರ ವರ್ಗಾವಣಿನರಿ. ಬಡ್ತಿ ಆಮ್ಯಾಲ.”

ಮರಿಬಸಪ್ಪನವರು ಗಾದೆಮ್ಮಗ ಫೋನ್ ಹಚ್ಚಿದ್ರು. “ಸಿಸ್ಟರ್, ‘ನಾನು ಬರ್ತೀನಿ’ ಅಂತ ಎರಡು ಸಾಲು ಬರದು ಕಳಸ್ರಿ.”

“ನಾ ಬರಲ್ಲ ಅಂತ ಅನ್ನಲ್ರಿ ಸಾರ್. ಬರ್ತೀನಿ ಅಂತ ಬರಿಯಲ್ರಿ.”

ಇಷ್ಟು ಮರ್ಯಾದಿಲೆ ಇಲ್ಲ ಅಂದವರನ್ನ ಮರಿಬಸಪ್ಪನವರು ಕಂಡಿರಲಿಲ್ಲ. ಉಳಿದಿದ್ದು ಎರಡನೇ ದಾರಿ. ಸಿರುಗುಪ್ಪದ ದೂರು ಪೆಟ್ಟಿಗಿ ತಗಸಿದ್ರ ಒಳಗ ಒಂದು ಹಲ್ಲಿ ಮೊಟ್ಟಿ, ‘ಸಿಸ್ಟರ್‌ಗಳು ದೇವರು’ ಅಂತ ಒಂದು ಚೀಟಿ. ಹಲ್ಲಿದೂ ತಕರಾರು ಇರಲಿಲ್ಲ.

“ಸುಭಾಷ್, ಹೋಗು. ಒಂದ ಒಂದು ದೂರು ತಗೊಂಡು ಬಾ. ಖರೇ ದೂರು ಬೇಕು, ನಾವು ಬರದದ್ದಲ್ಲ. ನಾನು ಸುಳ್ಳು ಕಾಗದಕ್ಕ ಸಹಿ ಹಾಕೋನಲ್ಲ.”

ಹಿಂಗ ಲೋಕದಾಗ ಮೊದಲನೇ ಸಲ ಒಬ್ಬ ಸಿಸ್ಟರಿಗಿ ಬಡ್ತಿ ಕೊಡಾಕ ಆಕಿ ಮ್ಯಾಲ ದೂರು ಹುಡುಕಾಕ ಒಬ್ಬ ಅಧಿಕಾರಿ ಹೊಂಟ. ಸುಭಾಷ್‌ಗ ಮನಸಿರಲಿಲ್ಲ. ಆದ್ರ ಫಾರಮ್ ಕೈಯಾಗ ಇತ್ತು, ಖಾನಿ ಖಾಲಿ ಇದ್ವು.

ಒಂದನೇ ಬೆಡ್ಡಿಗಿ ಹೋದ. “ಯಮ್ಮಾ, ಗಾದೆಮ್ಮ ಸಿಸ್ಟರ್ ಮ್ಯಾಲ ಏನಾರ ದೂರು ಐತೇನು?”

“ದೂರು ಐತಪಾ! ನಮ್ಮ ಬೀಗರು ಲಗ್ನದಾಗ ನನಗ ಸೀರಿ ಉಡಸಲಿಲ್ಲ. ಬರಕೋ.”

“ಸಿಸ್ಟರ್ ಮ್ಯಾಲಮ್ಮಾ.”

“ಸಿಸ್ಟರ್ ಏನು ಮಾಡ್ಯಾಳ? ಪಾಪ.”

ಎರಡನೇ ಬೆಡ್ಡಿನವ ಸಿರುಗುಪ್ಪ ಬಸ್ ನಿಲ್ದಾಣದ ಮ್ಯಾಲ ಅರ್ಧ ತಾಸು ದೂರು ಹೇಳಿದ. ನಾಲ್ಕನೇ ಬೆಡ್ಡಿನವ ಕಾಲುವಿ ನೀರಿನ ಮ್ಯಾಲ ಹೇಳಿದ. ಐದನೇ ಬೆಡ್ಡಿನವ ಸುಭಾಷ್‌ನ ಮ್ಯಾಲ ಹೇಳಿದ: “ರೋಗಿ ಮಲಗಿದ್ದಾಗ ಎಬ್ಬಿಸಿ ತಲಿ ತಿಂತಾನ.” ಮೂರನೇ ಬೆಡ್ ಖಾಲಿ ಇತ್ತು. ಗಾಳೆಪ್ಪಜ್ಜನ ಗಾಯ ಕೂಡಿತ್ತು. ಗಾದೆಮ್ಮ ಅವತ್ತು ಬೆಳಿಗ್ಗೆ ಡ್ರೆಸ್ಸಿಂಗ್ ಮಾಡಿ, ಗುಳಿಗಿ ಪಟ್ಟಿ ಓದಿ ಹೇಳಿ, ಡಾಕ್ಟರ್ ಸಹಿ ಹಾಕಿಸಿ, ಹಚ್ಚೊಳ್ಳಿ ಬಸ್ ತಪ್ಪಬಾರದು ಅಂತ ಫೈಲ್ ಲಗೂ ಮುಗಿಸಿದ್ರು. ಅಜ್ಜ ಗಂಟು ಕಟ್ಟಿಕೊಂಡು, ಮುಖ ಗಂಟು ಹಾಕ್ಕೊಂಡು, ಬಾಗಲದ ಕಡೆ ಬೆಂಚಿನಾಗ ಕುಂತಿದ್ದ.

“ಅಜ್ಜಾ, ನಿಂದೇನಾರ ದೂರು?”

“ಐತಿ! ಇದ ಗಾದೆಮ್ಮನ ಮ್ಯಾಲ ಐತಿ!”

ಸುಭಾಷ್ ಬೆಂಚಿನಾಗ ಕುಂತು ಪೆನ್ನು ತಗದ. “ಏನು?”

“ಭಾಳ ಲಗೂ ವಾಸಿ ಮಾಡ್ತಾಳಪಾ ಆಕಿ. ಇನ್ನ ಎರಡು ದಿನ ಇರತೀನಿ ಅಂದ್ರ ಕೇಳಲಿಲ್ಲ. ‘ಅಜ್ಜಾ, ನೀ ಆರಾಮದೀ, ಹೋಗು’ ಅಂತಾಳ. ನಾ ಆರಾಮದೀನಿ ಅಂತ ಹೇಳಾಕ ಆಕಿ ಯಾರು? ಬರಕೋ. ಹೆಬ್ಬಟ್ಟು ಅಲ್ಲ, ನನಗ ಸಹಿ ಬರ್ತೈತಿ.”

ಸುಭಾಷ್ ಅಜ್ಜ ಹೇಳಿದಂಗ ಬರದ. ದೂರುದಾರರ ಹೆಸರು, ಊರು, ತಾರೀಖು, ಟೈಮು, ಒಂದು ಖಾನಿ ಬಿಡಲಿಲ್ಲ. ಅಜ್ಜ ನಾಲಿಗಿ ಹೊರಗ ಹಾಕಿ, ಒಂದೊಂದು ಅಕ್ಷರಕ್ಕ ಒಂದೊಂದು ಉಸಿರು ಹಾಕಿ ಸಹಿ ಮಾಡಿದ.

“ಈಗ ಎರಡು ದಿನ ಇಟ್ಟುಕೊಂತೀರೇನು?”

“ಇಲ್ಲಜ್ಜಾ.”

“ಮತ್ತ ಇದು ಯಾತರ ದೂರು?” ಅಂತ ಅಜ್ಜ ಬೈಕೊಂತ ಬಸ್ಸಿಗಿ ಹೋದ.

ಮಾರೆಮ್ಮ ಫಾರಮ್ ನೋಡಿ ಗಾದೆಮ್ಮನ ಕಡೆ ತಿರುಗಿದ್ಲು. “ಅಕ್ಕಾ, ಕಸಗೊಂಡು ಹರದು ಹಾಕ್ರಿ. ಸುಭಾಷ್ ಸಾರ್ ಏನೂ ಅನ್ನಲ್ಲ. ಅಲ್ಲೇನ್ರಿ ಸಾರ್?”

ಸುಭಾಷ್ ಫಾರಮ್ಮನ್ನ ಮೇಜಿನ ಮ್ಯಾಲ ಇಟ್ಟು, ಕಿಡಕಿ ಕಡೆ ಮುಖ ಮಾಡಿ ನಿಂತ. ಹರದ್ರ ನಾನು ನೋಡಿಲ್ಲ ಅನ್ನೋ ಹಂಗ.

ಗಾದೆಮ್ಮ ಓದಿದ್ರು. ‘ಬೇಗ ಗುಣಪಡಿಸುತ್ತಾರೆ.’ ಕನ್ನಡಕ ತಗದು ಒರಸಿಕೊಂಡು ನಕ್ಕರು. “ಇಪ್ಪತ್ತೊಂಬತ್ತು ವ‌ರ್ಷದ ಸರ್ವೀಸಿನಾಗ ನನ್ನ ಮ್ಯಾಲ ಒಂದ ದೂರು, ಅದೂ ಇಂಥಾದ್ದು. ರೋಗಿ ಕಾಗದ ಹರಿಯಾಕ ನನಗ ಯಾವ ಹಕ್ಕೈತವ್ವಾ? ತಗೊಂಡು ಹೋಗ್ರಿ ಸಾರ್. ಅಜ್ಜನ ಫೈಲೂ ಬೇಕಾಗಬಹುದು, ಅದನ್ನೂ ಒಯ್ಯಿರಿ.”

ಇತ್ತ ಬಳ್ಳಾರ್ಯಾಗ ಇನ್ನೊಂದು ಆಗಿತ್ತು. ಸುಭಾಷ್‌ನ ವರದಿ ಝೆರಾಕ್ಸ್ ಮಾಡೋ ಮುಂದ ಹೇಮಾ ಕಡೀ ಸಾಲು ಓದಿದ್ಲು. ಸೀದಾ ಗಾದೆಮ್ಮಗ ಫೋನ್ ಹಚ್ಚಿ, “ಸಿಸ್ಟರಕ್ಕಾ, ಪೆನ್ಸಿಲ್ ಯಾವುದು ಬೇಕು?” ಅಂತ ಕೇಳಿದ್ಲು.

“ರಬ್ಬರ್ ಇರೋದು ತಗೋ ತಂಗಿ.”

ಕನ್ನಡಿ ಪಕ್ಕದಾಗ ಒಂದು ಕ್ಯಾಲೆಂಡರ್ ಬಂತು. ಟೇಪು ಕತ್ತರಿಸಲಿಲ್ಲ, ಕಾಯಿ ಒಡಿಯಲಿಲ್ಲ. ಮೊದಲನೇ ವಾರ ಪೆನ್ಸಿಲ್ ಜಗಳ ಜೋರ ಆತು. ಎರಡನೇ ವಾರಕ್ಕ ಒಬ್ಬರ ಮನಿ ಇನ್ನೊಬ್ಬರಿಗಿ ಗೊತ್ತಾತು: ಯಾರ ಗಂಡಗ ಶಿಫ್ಟ್ ಡ್ಯೂಟಿ, ಯಾರ ಮಗಗ ಆಸ್ತಮಾ, ಯಾರಿಗಿ ರಾತ್ರಿನ ಆರಾಮ ಅನಸ್ತೈತಿ. ಮೂರನೇ ವಾರ, ಮತ್ತ ತೋರಸಾಕ ಬಂದಿದ್ದ ಅದ ಮಾವನ ಬಿ.ಪಿ. ಹೇಮಾ ನೋಡಿದ್ಲು, ಮಾವನ ತೋಳಿಗೇ ಪಟ್ಟಿ ಕಟ್ಟಿ. ಅಳಿಯ ಎದ್ದು ನಮಸ್ಕಾರ ಮಾಡಿದ. ಆ ತಿಂಗಳು ಯಾರೂ ಕೆಲಸ ಬಿಡಲಿಲ್ಲ. ಮರಿಬಸಪ್ಪನವರು ಅದನ್ನ ಲೆಕ್ಕಕ್ಕ ಹಿಡೀಲಿಲ್ಲ, ಯಾಕಂದ್ರ ಯೋಜನ ಇನ್ನೂ ಉದ್ಘಾಟನ ಆಗಿರಲಿಲ್ಲ.

ಉದ್ಘಾಟನ ದಿನ ಬಂತು. ಆಸ್ಪತ್ರಿ ಹಾಲಿನಾಗ ‘ಮನೋಬಲ ಪ್ರಸರಣ ಯೋಜನೆ’ ಅಂತ ಬ್ಯಾನರ್. ಕುರ್ಚಿ, ಹಾರ, ಶಾಲು. ‘ಗಾದೆಮ್ಮ, ಮನೋಬಲಾಧಿಕಾರಿ’ ಅಂತ ಹಿತ್ತಾಳಿ ಬೋರ್ಡು. ಟ್ರಸ್ಟಿನ ಅಧ್ಯಕ್ಷರು ಹನ್ನೊಂದಕ್ಕ ಬರೋರು. ಹತ್ತೂವರಿಗಿ ಗಾದೆಮ್ಮ ವೇದಿಕಿ ಮ್ಯಾಲಿನ ಕುರ್ಚ್ಯಾಗ, ಇಂಜೆಕ್ಷನ್ನಿಗಿ ಕಾಯೋ ಸಣ್ಣ ಕೂಸಿನಂಗ ಕುಂತಿದ್ರು. ಆರ್ಡರಿಗಿ ಸಹಿ ಬಿದ್ರ ಮಾರೆಮ್ಮನ ರಾಜೀನಾಮಿ ಅವತ್ತ ಬರ್ತೈತಿ ಅನ್ನೋದು ಅವರಿಗಿ ಗೊತ್ತಿತ್ತು.

ಪಂಪಾವತಿ ಆರ್ಡರಿಗಿ ಲಗತ್ತು ಜೋಡಸಾಕತ್ತಿದ್ರು. ಗಾಳೆಪ್ಪನ ಫೈಲ್ ತಗದ್ರು. ದೂರಿನ ಫಾರಮ್ ತಗದ್ರು. ಎರಡನ್ನೂ ಒಂದರ ಪಕ್ಕ ಒಂದು ಇಟ್ರು. ಆಮ್ಯಾಲ ಎದ್ದು ವೇದಿಕಿ ಮುಂದ ಬಂದ್ರು.

“ಸಾರ್, ಗಾಳೆಪ್ಪ ಡಿಸ್ಚಾರ್ಜ್ ಆದದ್ದು ಹತ್ತು ನಲವತ್ತಕ್ಕ. ಗಾದೆಮ್ಮ ಸಿಸ್ಟರ್ ನಿಮಿಷ ಸಮೇತ ಬರದಾರ. ದೂರು ಬರದದ್ದು ಹನ್ನೊಂದು ಐದಕ್ಕ. ನಮ್ಮ ಸುಭಾಷ್ ನಿಮಿಷ ಸಮೇತ ಬರದಾನ.”

“ಇಪ್ಪತ್ತೈದು ನಿಮಿಷ ತಡಾ ಆಗೈತಿ, ಅಷ್ಟ ಅಲ್ಲೇನು?”

“ತಡಾ ಅಲ್ರಿ. ಹನ್ನೊಂದು ಐದಕ್ಕ ಗಾಳೆಪ್ಪ ಒಳರೋಗಿ ಅಲ್ಲ.”

“ಮತ್ತೇನು?”

“ಬಸ್ಸಿಗಿ ಕಾಯೋ ಪ್ರಯಾಣಿಕ.”

ಮರಿಬಸಪ್ಪನವರು ಸುಭಾಷ್‌ನ ನೋಡಿದ್ರು. ಸುಭಾಷ್ ಬ್ಯಾನರ್ ನೋಡಿದ.

“ವಾಪಸ್ ಅಡ್ಮಿಟ್ ಮಾಡಸ್ರಿ! ಒಂದು ತಾಸು ಸಾಕು. ಹಾಸಿಗಿ ಮ್ಯಾಲ ಕುಂತು ಬರದುಕೊಡಲಿ!”

ಸುಭಾಷ್ ಫೋನ್ ಹಚ್ಚಿ ಸ್ಪೀಕರ್ ಮ್ಯಾಲ ಹಾಕಿದ. ಗಾಳೆಪ್ಪಜ್ಜನ ದನಿ ಹಾಲಿಗೆಲ್ಲಾ ಕೇಳಿತು. “ಆಸ್ಪತ್ರಿಗಿ? ಯಾಕಪಾ? ಕಾಲು ಕಬ್ಬಿಣ ಆಗೈತಿ. ಈಗ ಗದ್ದಿ ಬದುವಿನ ಮ್ಯಾಲ ಅದೀನಿ. ಗಾದೆಮ್ಮಗ ನನ್ನ ಶರಣು ಹೇಳು.”

“ಆರಾಮ ಇದ್ದವನ್ನ ಯಾವ ಡಾಕ್ಟರೂ ಅಡ್ಮಿಟ್ ಮಾಡಲ್ರಿ,” ಅಂದ್ರು ಪಂಪಾವತಿ.

ವೇದಿಕಿ ಮ್ಯಾಲ ಗಾದೆಮ್ಮ ಹಾರ ಬೀಳೋಕಿಂತ ಮುಂಚೆನ ಕೊರಳು ಹಿಂದಕ್ಕ ತಗದು, ಮೊಬೈಲ್ ತಗದು, ದನಿ ಇಳಿಸಿ ಅಂದ್ರು: “ಮಾರೆಮ್ಮಾ, ಮುಂದಿನ ತಿಂಗಳೂ ಬೆಳಗಿನ ಪಾಳಿನ. ಕೂಸಿಗಿ ಮುತ್ತು ಕೊಡು.”

ಹಾಲಿನಾಗ ಹೇಮಾ ಮತ್ತ ಆಕಿ ಗೆಳತ್ಯಾರು ನಗು ತಡಕೊಳ್ಳಾಕ ಒಬ್ಬರ ಬೆನ್ನ ಹಿಂದ ಒಬ್ಬರು ನಿಂತಿದ್ರು. ಮರಿಬಸಪ್ಪನವರು ಇನ್ನೂ ಲೈನ್ ಹುಡುಕಾಕತ್ತಿದ್ರು.

“ಒಳರೋಗಿ ಅಲ್ಲದವರು ದೂರು ಕೊಡಾಕ ಬರೋದ ಇಲ್ಲೇನಮ್ಮಾ ಹಂಗಾರ?”

“ಬರ್ತೈತ್ರಿ. ಹದಿನೆಂಟನೇ ನಿಯಮ. ಇಬ್ಬರ ಸಮಿತಿ ಮುಂದ ಇಡಬೇಕು. ಇಬ್ಬರೂ ಸಹಿ ಹಾಕಬೇಕು.”

“ಹಾಕೋಣು! ಯಾರ್ಯಾರು?”

“ಆಡಳಿತಾಧಿಕಾರಿ ಒಬ್ಬರು, ನೀವ. ಇನ್ನೊಬ್ಬರು ಟ್ರಸ್ಟಿನ ನರ್ಸ್‌ಗಳೊಳಗ ಎಲ್ಲರಿಗಿಂತ ಹಿರಿಯರು.”

ಎಲ್ಲರೂ ವೇದಿಕಿ ಕಡೆ ನೋಡಿದ್ರು. ಗಾದೆಮ್ಮ ಫೋನ್ ಇಟ್ಟು, ಸೆರಗು ಸರಿ ಮಾಡಿಕೊಂಡು, ‘ನಾನ?’ ಅನ್ನೋ ಹಂಗ ಎದಿ ಮ್ಯಾಲ ಕೈಬಟ್ಟು ಇಟ್ಟುಕೊಂಡ್ರು.

“ತಮ್ಮ ಮ್ಯಾಲಿನ ದೂರಿಗಿ ತಾವ ಸಹಿ ಹಾಕಂಗಿಲ್ಲ. ಹತ್ತೊಂಬತ್ತನೇ ನಿಯಮ,” ಅಂದ್ರು ಪಂಪಾವತಿ.

“ಹಂಗಾರ ಅವರ ನಂತರದ ಹಿರಿಯರನ್ನ ಕರೀರಿ!”

ಪಂಪಾವತಿ ಪುಸ್ತಕ ತಗದು, ಬಟ್ಟು ಇಟ್ಟು, ಸಾಲು ಓದಿ, ಮುಚ್ಚಿದ್ರು.

“ನಿಯಮದಾಗ ‘ಅತಿ ಹಿರಿಯ’ ಅಂತ ಐತ್ರಿ ಸಾರ್. ‘ಎರಡನೇ ಹಿರಿಯ’ ಅಂತ ಇಲ್ಲ.”